ಕರೆಂಟು ಹೋದರೂ ಫೋನು ಬದುಕಿರಲಿ

ಬೆಂಗಳೂರಿನ ದಕ್ಷಿಣ ಬಡಾವಣೆಗಳವರಿಗೆ ಏಪ್ರಿಲ್-ಮೇ ತಿಂಗಳ ಸಂಜೆಯ ಲಕ್ಷಣಗಳೆಲ್ಲ ಬಾಯಿಪಾಠ. ಮಧ್ಯಾಹ್ನ ಮೂರರವರೆಗೆ ಸುಡುಸುಡು ಬಿಸಿಲು. ನಾಲ್ಕರ ಹೊತ್ತಿಗೆ ಬನಶಂಕರಿ ಕಡೆಯಿಂದ ಕಪ್ಪು ಮೋಡ. ಜಯನಗರದ ಸಾಲುಮರಗಳು ಒಮ್ಮೆ ತಲೆ ಕೊಡಹುತ್ತವೆ, ಜೆ.ಪಿ. ನಗರದಲ್ಲಿ ನಾಲ್ಕು ದಪ್ಪ ಹನಿ ಬೀಳುತ್ತವೆ; ಬಿ.ಟಿ.ಎಂ. ಲೇಔಟಿನಲ್ಲಿ ಬಾಲ್ಕನಿಯ ಬಟ್ಟೆ ಒಳಗೆ ತರುವಷ್ಟರಲ್ಲಿ ಕರೆಂಟು ಹೋಗಿರುತ್ತದೆ. ಮಳೆ ಬಂದರೂ ಬರಬಹುದು, ಬಾರದೆಯೂ ಇರಬಹುದು. ಕರೆಂಟು ಹೋಗುವುದು ಮಾತ್ರ ತಪ್ಪುವುದಿಲ್ಲ.

ಮೂವತ್ತು ವರ್ಷಗಳ ಹಿಂದೆ ಹೀಗಾದಾಗ ಮನೆಯಲ್ಲಿ ನಿಲ್ಲುತ್ತಿದ್ದುದು ಫ್ಯಾನು, ಮಿಕ್ಸಿ, ಟೀವಿ. ಪಿಯುಸಿ ಓದುವ ಹುಡುಗ ಮೇಣದಬತ್ತಿಯನ್ನೋ ಎಮರ್ಜೆನ್ಸಿ ಲ್ಯಾಂಪನ್ನೋ ಹಚ್ಚಿಕೊಂಡು ಪುಸ್ತಕ ಮುಂದುವರಿಸುತ್ತಿದ್ದ. ಪುಸ್ತಕಕ್ಕೆ ಕರೆಂಟು ಬೇಡವಲ್ಲ! ಹಜಾರದ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕುಳಿತಿದ್ದ ಟೆಲಿಫೋನಿಗೂ ಬೇಡವಾಗಿತ್ತು. ಇಡೀ ಬಡಾವಣೆ ಕತ್ತಲಲ್ಲಿ ಮುಳುಗಿದ್ದರೂ ಅದು ಟ್ರಿಣ್ ಟ್ರಿಣ್ ಎನ್ನುತ್ತಿತ್ತು. ರಿಸೀವರ್ ಎತ್ತಿ ಕೆಇಬಿಯವರಿಗೆ ದೂರು ಹೇಳಬಹುದಾಗಿತ್ತು.

ಇಂದು ಪರಿಸ್ಥಿತಿ ತಿರುಗುಮುರುಗಾಗಿದೆ. ಎಲ್‌ಇಡಿ ಬಲ್ಬು, ಇನ್ವರ್ಟರ್‌ಗಳಿಂದಾಗಿ ಬೆಳಕು ಹೇಗೋ ಇರುತ್ತದೆ. ಹೋಗುವುದು ಮಾತು ಮತ್ತು ಮಾಹಿತಿ. ಟ್ಯೂಷನ್ ಆನ್‌ಲೈನು, ಅಸೈನ್‌ಮೆಂಟು ಆನ್‌ಲೈನು, ನೀಟ್-ಜೆಇಇ ಅರ್ಜಿ ಆನ್‌ಲೈನು. ವೃತ್ತಿಶಿಕ್ಷಣದ ಸೀಟಿಗೆ ಒಂದು ಕಾಲದಲ್ಲಿ ಅಪ್ಪನ ಜೊತೆ ಸಿಇಟಿ ಘಟಕಕ್ಕೆ ಹೋಗಿ, ಪರದೆಯ ಮೇಲೆ ಖಾಲಿ ಸೀಟುಗಳನ್ನು ನೋಡಿ, ಅಧಿಕಾರಿಯ ಎದುರು ಕುಳಿತು ಆರಿಸಿಕೊಳ್ಳಬೇಕಿತ್ತು. ಈಗ ಅದೂ ಮನೆಯ ಮೇಜಿನ ಮೇಲೆಯೇ. ಕಾಲೇಜುಗಳ ಆದ್ಯತಾಪಟ್ಟಿ ತುಂಬಲು ಕೊನೆಯ ದಿನ ರಾತ್ರಿಯವರೆಗೆ ಕಾಯುವುದು ನಮ್ಮ ಮಕ್ಕಳ ಜನ್ಮಸಿದ್ಧ ಹಕ್ಕು. ಆ ರಾತ್ರಿಯೇ ಗಾಳಿಮಳೆ ಬರುವುದು ಮುಂಗಾರಿನ ಹಕ್ಕು. ಎರಡರ ನಡುವೆ ಸಿಕ್ಕಿಕೊಳ್ಳುವುದು ಗೋಡೆಗೆ ನೇತುಹಾಕಿದ, ಅಂಗೈ ಅಗಲದ ಒಂದು ಬಿಳಿ ಡಬ್ಬಿ.

ಆ ಡಬ್ಬಿಯನ್ನು ಬದುಕಿಸಿಕೊಳ್ಳುವುದು ಹೇಗೆ? ಇದು ಕಷ್ಟವೂ ಅಲ್ಲ, ಭಾರಿ ಖರ್ಚಿನದೂ ಅಲ್ಲ. ಆದರೆ ಹಿಂದೆ ಆ ಕರಿ ಫೋನು ಯಾಕೆ ಸಾಯುತ್ತಿರಲಿಲ್ಲ ಎಂಬುದು ತಿಳಿದರೆ ಮುಂದಿನದು ತಾನಾಗಿ ಅರ್ಥವಾಗುತ್ತದೆ.

ತಾಮ್ರದ ತಂತಿಯ ಗುಟ್ಟು

ಜಯನಗರದ ಹಳೆಯ ಮನೆಗಳವರಿಗೆ 66ರಿಂದ ಆರಂಭವಾಗುತ್ತಿದ್ದ ಏಳಂಕಿಯ ನಂಬರುಗಳು ಇನ್ನೂ ನೆನಪಿರುತ್ತವೆ. ಮುಂದೆ ಅದಕ್ಕೆ 2 ಸೇರಿ ಎಂಟಂಕಿಯಾಯಿತು. ಆ ನಂಬರಿನ ಹಿಂದೆ ಇದ್ದದ್ದು ಮನೆಯಿಂದ ಟೆಲಿಫೋನ್ ಎಕ್ಸ್‌ಚೇಂಜಿನವರೆಗೆ ನೆಲದಡಿ ಸಾಗುತ್ತಿದ್ದ ಒಂದು ಜೊತೆ ತಾಮ್ರದ ತಂತಿ. ಅದರಲ್ಲಿ ಹರಿಯುತ್ತಿದ್ದುದು ಬರೀ ಮಾತಲ್ಲ, ಮಾತಿಗೆ ಬೇಕಾದ ವಿದ್ಯುತ್ತೂ ಕೂಡ. ಎಕ್ಸ್‌ಚೇಂಜಿನ ಒಂದು ಕೋಣೆಯಲ್ಲಿ ಎರಡೆರಡು ವೋಲ್ಟಿನ ಸೀಸ-ಆಮ್ಲದ ಸೆಲ್‌ಗಳು ಸಾಲಾಗಿ ಕುಳಿತಿರುತ್ತಿದ್ದವು. ಇಪ್ಪತ್ತನಾಲ್ಕು ಸೆಲ್ ಸೇರಿದರೆ 48 ವೋಲ್ಟ್. ಊರಿನ ಕರೆಂಟು ಆ ಬ್ಯಾಟರಿಗಳನ್ನು ಚಾರ್ಜ್ ಮಾಡುತ್ತಿತ್ತು, ಬ್ಯಾಟರಿಗಳು ಊರಿನ ಫೋನುಗಳನ್ನು ನಡೆಸುತ್ತಿದ್ದವು. ಕರೆಂಟು ಹೋದರೆ ಬ್ಯಾಟರಿ. ಬ್ಯಾಟರಿ ಇಳಿಯುವ ಹೊತ್ತಿಗೆ ಹಿತ್ತಲಿನ ಡೀಸೆಲ್ ಜನರೇಟರ್. ನಿಮ್ಮ ಮನೆಯ ಫೋನಿಗೆ ಕತ್ತಲಾದದ್ದೇ ಗೊತ್ತಾಗುತ್ತಿರಲಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳು ಒಂದು ವಿಷಯ ಗಮನಿಸಬೇಕು. ಆ 48 ವೋಲ್ಟಿನಲ್ಲಿ ಭೂಮಿಗೆ ಜೋಡಿಸಿದ್ದುದು ಋಣ ತುದಿಯನ್ನಲ್ಲ, ಧನ ತುದಿಯನ್ನು. ತಂತಿ ಭೂಮಿಗಿಂತ ಋಣವಾಗಿದ್ದರೆ, ಒದ್ದೆ ನೆಲದಲ್ಲಿ ವಿದ್ಯುದ್ವಿಶ್ಲೇಷಣೆಯಿಂದ ತಾಮ್ರ ಕರಗಿಹೋಗುವುದು ಕಡಿಮೆಯಾಗುತ್ತದೆ ಎಂಬುದೇ ಅದಕ್ಕೆ ಕಾರಣ. ಪಠ್ಯಪುಸ್ತಕದಲ್ಲಿ ಬೀಕರಿನೊಳಗೆ ನಡೆಯುವ ಪ್ರಯೋಗವನ್ನು ಟೆಲಿಫೋನ್ ಎಂಜಿನಿಯರುಗಳು ಇಡೀ ಊರಿನ ನೆಲದಡಿ ಲೆಕ್ಕ ಹಾಕಿದ್ದರು! ರಿಸೀವರ್ ಎತ್ತಿದಾಗ ತಂತಿಯಲ್ಲಿ ಹರಿಯುತ್ತಿದ್ದುದು ಸುಮಾರು 20ರಿಂದ 40 ಮಿಲಿ ಆಂಪಿಯರ್. ಒಂದು ಪುಟ್ಟ ಎಲ್‌ಇಡಿ ದೀಪ ಬೇಡುವಷ್ಟು ವಿದ್ಯುತ್ತಿನಲ್ಲಿ ಇಡೀ ಸಂಭಾಷಣೆ ಮುಗಿಯುತ್ತಿತ್ತು.

ಈ ವಿಷಯದಲ್ಲಿ ಕರ್ನಾಟಕಕ್ಕೆ ಒಂದಿಷ್ಟು ಹೆಮ್ಮೆಪಡುವ ಕಾರಣವೂ ಇದೆ. ಡಯಲ್ ತಿರುಗಿಸುವ ಆ ಗಟ್ಟಿಮುಟ್ಟು ಫೋನುಗಳನ್ನು ದೇಶಕ್ಕೆಲ್ಲ ಮಾಡಿಕೊಟ್ಟದ್ದು 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಟಿಐ ಕಾರ್ಖಾನೆ. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರು. ಸಿ-ಡಾಟ್ ಸಂಸ್ಥೆ ವಿನ್ಯಾಸ ಮಾಡಿದ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜು ಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ಕಿತ್ತೂರಿನಲ್ಲಿ. ಹೊರದೇಶದ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೊಠಡಿ ಬೇಕಿತ್ತು. ನಮ್ಮ ಹಳ್ಳಿಗಳಲ್ಲಿ ಹವಾನಿಯಂತ್ರಣ ಹಾಗಿರಲಿ, ಫ್ಯಾನು ತಿರುಗುವ ಭರವಸೆಯೂ ಇರಲಿಲ್ಲವಷ್ಟೆ. ಧೂಳು, ಸೆಕೆ, ಕರೆಂಟಿನ ಕಣ್ಣಾಮುಚ್ಚಾಲೆ ಎಲ್ಲವನ್ನೂ ಸಹಿಸುವಂತೆ ಅದನ್ನು ಕಟ್ಟಲಾಯಿತು. ಕರೆಂಟು ಹೋಗುತ್ತದೆ ಎಂಬುದನ್ನು ಒಪ್ಪಿಕೊಂಡೇ ಯಂತ್ರ ಮಾಡುವುದು ನಮ್ಮಲ್ಲಿ ಹೊಸ ವಿದ್ಯೆಯಲ್ಲ.

ಈ ವ್ಯವಸ್ಥೆಯಲ್ಲಿ ಮೊದಲ ಬಿರುಕು ಬಿಟ್ಟದ್ದು ಕಾರ್ಡ್‌ಲೆಸ್ ಫೋನು. ಅಂಗಳದಲ್ಲಿ ಓಡಾಡಿಕೊಂಡು ಮಾತನಾಡುವ ಆಸೆಗೆ ಅದನ್ನು ತಂದವರಿಗೆ, ಕರೆಂಟು ಹೋದ ದಿನ ಅದು ಮೂಕವಾದಾಗಲೇ ಅದರ ಬುಡ ಗೋಡೆಯ ಪ್ಲಗ್ಗಿನಲ್ಲಿದೆ ಎಂಬುದು ಹೊಳೆದದ್ದು. ಆಮೇಲೆ 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂತು. ಅದೇ ತಾಮ್ರದ ತಂತಿಯಲ್ಲಿ ಅಂತರ್ಜಾಲ ಬರತೊಡಗಿತಾದರೂ ಅದನ್ನು ಬಿಡಿಸಿಕೊಡುವ ಮೋಡೆಮ್‌ಗೆ ಮನೆಯದೇ ಕರೆಂಟು ಬೇಕಾಯಿತು. ಕರೆಂಟು ಹೋದರೆ ಅಂತರ್ಜಾಲ ಬಂದ್, ಫೋನು ಮಾತ್ರ ಚಾಲೂ. ಅಲ್ಲಿಯವರೆಗೂ ಅರ್ಧ ಪ್ರಾಣವಾದರೂ ಉಳಿದಿತ್ತು.

ಗಾಜಿನ ಎಳೆ ಕರೆಂಟು ಒಯ್ಯದು

ಈಗ ತಾಮ್ರದ ಜಾಗಕ್ಕೆ ಗಾಜಿನ ಎಳೆ ಬಂದಿದೆ. ಹಲವು ಮನೆಗಳ ಹಳೆಯ ಫೋನ್ ನಂಬರುಗಳೂ ಆಪ್ಟಿಕಲ್ ಫೈಬರ್‌ಗೆ ವರ್ಗವಾಗಿವೆ. ಕೂದಲಿನಷ್ಟು ತೆಳುವಾದ ಆ ಎಳೆಯಲ್ಲಿ ಹರಿಯುವುದು ಬೆಳಕು, ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಅದರ ವೇಗದ ಮುಂದೆ ತಾಮ್ರ ಎತ್ತಿನಗಾಡಿ. ಆದರೆ ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ! ಎಕ್ಸ್‌ಚೇಂಜಿನಲ್ಲಿ ಎಷ್ಟೇ ದೊಡ್ಡ ಬ್ಯಾಟರಿ ಇರಲಿ, ಅದರ ಒಂದು ಹನಿಯೂ ನಿಮ್ಮ ಮನೆಗೆ ಬರುವಂತಿಲ್ಲ. ಫೋನನ್ನು ಬದುಕಿಸುವ ಹೊಣೆ ಟೆಲಿಫೋನ್ ಇಲಾಖೆಯಿಂದ ಸದ್ದಿಲ್ಲದೆ ಮನೆಯ ಯಜಮಾನನ ಹೆಗಲಿಗೆ ದಾಟಿದೆ. ಹೀಗೊಂದು ಹಸ್ತಾಂತರ ಆಯಿತೆಂದು ಹೆಚ್ಚಿನ ಮನೆಗಳಿಗೆ ಯಾರೂ ಹೇಳಿದಂತಿಲ್ಲ.

ಬೇರೆ ದೇಶಗಳಲ್ಲಿ ಇದು ಸಾಕಷ್ಟು ಚರ್ಚೆಯಾದ ಸಂಗತಿ. ಬ್ರಿಟನ್ನಿನಲ್ಲಿ ಹಳೆಯ ತಾಮ್ರದ ಟೆಲಿಫೋನ್ ಜಾಲವನ್ನು 2027ರ ಜನವರಿಯೊಳಗೆ ಮುಚ್ಚುವುದೆಂದು ಗೊತ್ತುಮಾಡಿದ್ದಾರೆ. ಮನೆಯ ಫೋನನ್ನೇ ನೆಚ್ಚಿಕೊಂಡವರಿಗೆ, ಕರೆಂಟು ಹೋದಾಗ ಕನಿಷ್ಠ ಒಂದು ಗಂಟೆಯಾದರೂ ತುರ್ತು ಕರೆ ಮಾಡಲು ಕಂಪನಿ ಅನುಕೂಲ ಕಲ್ಪಿಸಬೇಕೆಂದು ಅಲ್ಲಿನ ನಿಯಂತ್ರಣ ಸಂಸ್ಥೆ ಹೇಳಿದೆ. ಅಮೆರಿಕದಲ್ಲಿ 2015ರಲ್ಲಿ ಮಾಡಿದ ನಿಯಮವೊಂದು, ಎಂಟು ಗಂಟೆ ನಡೆಯುವ ಬ್ಯಾಟರಿಯನ್ನು ಕೊಳ್ಳುವ ಅವಕಾಶವನ್ನಾದರೂ ಗ್ರಾಹಕರಿಗೆ ಕೊಡಬೇಕೆಂದು ಕಂಪನಿಗಳಿಗೆ ವಿಧಿಸಿತ್ತು. ನಮ್ಮಲ್ಲಿ? ಸಂಪರ್ಕ ಕೊಡಲು ಬಂದ ಹುಡುಗ ಡಬ್ಬಿ ನೇತುಹಾಕಿ, ಪಾಸ್‌ವರ್ಡ್ ಬರೆದುಕೊಟ್ಟು, ಮುಂದಿನ ಮನೆಗೆ ಹೊರಟುಬಿಡುತ್ತಾನೆ. ಬ್ಯಾಟರಿಯ ಮಾತು ಬರುವುದು ಮೊದಲ ಗುಡುಗಿನ ದಿನ.

ಹೋದದ್ದು ಎಲ್ಲಿ?

ಕರೆಂಟು ಹೋಯಿತು ಎಂದರೆ ಎಲ್ಲಿಂದ ಹೋಯಿತು? ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದು ಮೊದಲು ಕೋಲಾರದ ಚಿನ್ನದ ಗಣಿಗೆ ಕೊಟ್ಟು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಹಚ್ಚಿದ ಕಾಲದಲ್ಲಿ ಊರಿಗೆಲ್ಲ ಒಂದೇ ಮೂಲ. ಇಂದು ಹಾಗಲ್ಲ. 2012ರ ಜುಲೈ ಕೊನೆಯಲ್ಲಿ ಉತ್ತರ ಭಾರತದ ಜಾಲ ಕುಸಿದು ಕೋಟ್ಯಂತರ ಜನ ಕತ್ತಲಲ್ಲಿ ಕುಳಿತಾಗಲೂ ಬೆಂಗಳೂರಿಗೆ ಬಿಸಿ ತಟ್ಟಲಿಲ್ಲ. ದಕ್ಷಿಣದ ಜಾಲ ಆಗಿನ್ನೂ ಬೇರೆಯಾಗಿಯೇ ಮಿಡಿಯುತ್ತಿತ್ತು. ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ಅದು ಉಳಿದ ದೇಶದ ಜೊತೆ ಸೇರಿದ್ದು 2013ರ ಡಿಸೆಂಬರ್ 31ರಂದು. ಜಯನಗರದ ಸಂಜೆಯ ಕತ್ತಲೆಗೂ ಈ ದೊಡ್ಡ ವಿದ್ಯಮಾನಗಳಿಗೂ ಸಾಮಾನ್ಯವಾಗಿ ಸಂಬಂಧವಿಲ್ಲ. ಅದಕ್ಕೆ ಕಾರಣ ಬೀದಿಯಲ್ಲೇ ಇರುತ್ತದೆ: ತಂತಿಗೆ ತಾಗಿದ ರೆಂಬೆ, ನೀರಿಳಿದ ಕೇಬಲ್ ಜೋಡಣೆ, ಸುಟ್ಟ ಟ್ರಾನ್ಸ್‌ಫಾರ್ಮರು, ಇಲ್ಲವೇ ರಸ್ತೆ ಅಗೆಯುವವರ ಜೆಸಿಬಿ. ಬೆಸ್ಕಾಂ ಇತ್ತೀಚಿನ ವರ್ಷಗಳಲ್ಲಿ ತಂತಿಗಳನ್ನು ನೆಲದಡಿಗೆ ಇಳಿಸುತ್ತ ಬಂದಿದೆಯಾದರೂ ಮರಗಳೂ ತಂತಿಗಳೂ ಇನ್ನೂ ಕೈಕೈ ಹಿಡಿದುಕೊಂಡಿರುವ ರಸ್ತೆಗಳು ಹಳೆಯ ಬಡಾವಣೆಗಳಲ್ಲಿ ಬೇಕಾದಷ್ಟಿವೆ.

ಇದು ಬೇಸರದ ಸುದ್ದಿಯಂತೆ ಕಂಡರೂ ನಿಜಕ್ಕೂ ಒಳ್ಳೆಯ ಸುದ್ದಿ. ನಿಮ್ಮ ರಸ್ತೆ ಕತ್ತಲಾಗಿದ್ದರೂ ಒಂದು ಕಿಲೋಮೀಟರ್ ಆಚೆಯ ಎಕ್ಸ್‌ಚೇಂಜು ಬೇರೆ ಫೀಡರಿನಲ್ಲಿ ಇರಬಹುದು. ಇಲ್ಲದಿದ್ದರೆ ತನ್ನ ಬ್ಯಾಟರಿಯಲ್ಲಿ ನಡೆಯುತ್ತಿರುತ್ತದೆ. ಅಲ್ಲಿಂದ ಹೊರಟ ಒಂದು ಫೈಬರನ್ನು 32 ಅಥವಾ 64 ಮನೆಗಳಿಗೆ ಹಂಚುವ ಕವಲು ಪೆಟ್ಟಿಗೆಗೆ ಕರೆಂಟೇ ಬೇಕಿಲ್ಲ. ಗಾಜಿನ ಪಟ್ಟಕ ಬೆಳಕನ್ನು ಒಡೆದಂತೆ ಅದೂ ಬೆಳಕನ್ನು ಕವಲೊಡೆಸುತ್ತದೆ, ಅಷ್ಟೆ. ಅಂದರೆ ಸಂಕೇತ ನಿಮ್ಮ ಗೋಡೆಯವರೆಗೂ ಬಂದು ನಿಂತಿದೆ. ಒಳಗೆ ಬರಮಾಡಿಕೊಳ್ಳುವ ಡಬ್ಬಿ ಮಾತ್ರ ಸತ್ತಿದೆ. ಅದಕ್ಕೆ ಬೇಕಾದದ್ದು ಆರೇಳರಿಂದ ಹತ್ತು-ಹನ್ನೆರಡು ವ್ಯಾಟ್. ಒಂದು ಎಲ್‌ಇಡಿ ಬಲ್ಬಿನಷ್ಟು!

ಎಲ್ಲ ಸಂಪರ್ಕಗಳೂ ಹೀಗಿಲ್ಲ ಎಂಬುದನ್ನೂ ಹೇಳಬೇಕು. ಬಿ.ಟಿ.ಎಂ., ಜೆ.ಪಿ. ನಗರದ ಅನೇಕ ಅಪಾರ್ಟ್‌ಮೆಂಟುಗಳಲ್ಲಿ ಫೈಬರು ಕಟ್ಟಡದವರೆಗೆ ಮಾತ್ರ ಬರುತ್ತದೆ. ಅಲ್ಲಿ ಮೆಟ್ಟಿಲ ಕೆಳಗೋ ನೆಲಮಾಳಿಗೆಯಲ್ಲೋ ಒಂದು ಸ್ವಿಚ್ ಪೆಟ್ಟಿಗೆ. ಅದರಿಂದ ಮನೆಮನೆಗೆ ತಾಮ್ರದ ಲ್ಯಾನ್ ಕೇಬಲ್. ಆ ಪೆಟ್ಟಿಗೆಗೆ ಕರೆಂಟು ಬೇಕು. ನಿಮ್ಮ ಮನೆಯಲ್ಲಿ ಎಷ್ಟು ಬ್ಯಾಟರಿ ಇಟ್ಟರೇನು, ಕೆಳಗಿನ ಪೆಟ್ಟಿಗೆ ಮಲಗಿದರೆ ಎಲ್ಲ ಮಲಗಿತು. ಹೊಸ ಸಂಪರ್ಕ ತೆಗೆದುಕೊಳ್ಳುವವರು ವೇಗ ಎಷ್ಟು, ಒಟಿಟಿ ಯಾವುದು ಉಚಿತ ಎಂದು ವಿಚಾರಿಸುವ ಮೊದಲು, "ಗಾಜಿನ ಎಳೆ ಮನೆಯೊಳಗೇ ಬರುತ್ತದೆಯೋ, ಕಟ್ಟಡದ ಬುಡದಲ್ಲೇ ನಿಲ್ಲುತ್ತದೆಯೋ?" ಎಂದು ಕೇಳುವುದು ಜಾಣತನ.

ಎಳೆ ಒಳಗೇ ಬಂದಿದ್ದರೆ ಡಬ್ಬಿಯ ಮೇಲಿನ ಪುಟ್ಟ ದೀಪಗಳೇ ವೈದ್ಯರು. ಡಬ್ಬಿಗೆ ಬ್ಯಾಟರಿಯ ಆಸರೆ ಇದ್ದಾಗ ನೋಡಿ: ಪಾನ್ ಎಂದು ಬರೆದ ದೀಪ ಹಸಿರಾಗಿ ಸ್ಥಿರವಾಗಿದ್ದರೆ ಆಚೆ ತುದಿ ಜೀವಂತವಾಗಿದೆ. ಲಾಸ್ ಎಂಬುದು ಕೆಂಪಾಗಿ ಮಿಟುಕಿದರೆ ಬೆಳಕೇ ಬರುತ್ತಿಲ್ಲ. ಎಳೆ ತುಂಡಾಗಿರಬೇಕು, ಇಲ್ಲವೇ ಆಚೆ ತುದಿಯ ಯಂತ್ರವೇ ನಿಂತಿರಬೇಕು. ಆಗ ಮನೆಯಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ. ದೂರು ದಾಖಲಿಸಿ ಮೊಬೈಲಿನ ಕಡೆ ತಿರುಗುವುದೇ ಸರಿ. ಈ ಒಂದು ನೋಟದಿಂದ ಎಷ್ಟೋ ಮನೆಗಳಲ್ಲಿ ಡಬ್ಬಿಯನ್ನು ಹತ್ತು ಸಲ ಆರಿಸಿ ಹಚ್ಚುವ ಕಷ್ಟ ತಪ್ಪುತ್ತದೆ.

ಡಬ್ಬಿಗೊಂದು ಪುಟ್ಟ ಬ್ಯಾಟರಿ

ಪೇಟೆಯಲ್ಲಿ ಇಂದು ರೌಟರಿಗೆಂದೇ ಮಾಡಿದ ಸಣ್ಣ ಯುಪಿಎಸ್‌ಗಳು ಸಾವಿರ-ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತವೆ. ಒಳಗೆ ಲಿಥಿಯಂ ಅಯಾನ್ ಸೆಲ್‌ಗಳು. ಗೋಡೆಯ ಅಡಾಪ್ಟರು ಇದಕ್ಕೆ, ಇದರಿಂದ ತಂತಿ ರೌಟರಿಗೆ. ಕರೆಂಟು ಹೋದರೆ ರೌಟರಿಗೆ ಅರಿವೇ ಆಗುವುದಿಲ್ಲ. ಹಿಂದೆ ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆ ಮಾಡುತ್ತಿದ್ದುದೂ ಇದನ್ನೇ. ಈಗ ಅದು ಸಾಬೂನು ಡಬ್ಬಿಯ ಗಾತ್ರಕ್ಕೆ ಇಳಿದು ನಿಮ್ಮ ಮನೆಗೇ ಬಂದಿದೆ.

ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರಗಳಿಗೆ ಮರುಳಾಗಬಾರದು. "8,800 ಎಂಎಎಚ್" ಎಂದು ಬರೆದಿರುತ್ತದೆ. ಹೈಸ್ಕೂಲಿನ ಹುಡುಗಿಯೇ ಇದನ್ನು ಲೆಕ್ಕ ಹಾಕಬಹುದು. ಆ ಅಂಕಿ ಸಾಮಾನ್ಯವಾಗಿ ಸೆಲ್‌ನ 3.7 ವೋಲ್ಟಿಗೆ ಹೇಳಿದ್ದು, ರೌಟರಿನ 12 ವೋಲ್ಟಿಗಲ್ಲ. 8.8 ಆಂಪಿಯರ್-ಗಂಟೆಯನ್ನು 3.7ರಿಂದ ಗುಣಿಸಿದರೆ ಸುಮಾರು 32 ವ್ಯಾಟ್-ಗಂಟೆ. 3.7 ವೋಲ್ಟನ್ನು 12ಕ್ಕೆ ಏರಿಸುವಾಗ ಹತ್ತರಲ್ಲಿ ಒಂದು ಪಾಲಿನಷ್ಟು ಶಾಖವಾಗಿ ಹೋಗುತ್ತದೆ. ಕೈಗೆ ಬರುವುದು 28 ಎಂದಿಟ್ಟುಕೊಳ್ಳಿ. ನಿಮ್ಮ ಡಬ್ಬಿ 8 ವ್ಯಾಟ್ ತಿಂದರೆ ಮೂರೂವರೆ ಗಂಟೆ. ಫೈಬರ್ ಡಬ್ಬಿ ಒಂದು, ವೈಫೈ ಡಬ್ಬಿ ಇನ್ನೊಂದು ಎಂದು ಎರಡಿದ್ದು ಒಟ್ಟು 14 ವ್ಯಾಟ್ ಆದರೆ ಎರಡೇ ಗಂಟೆ. ಅಂಗಡಿಯವನು ಹೇಳುವ "ಎಂಟು ಗಂಟೆ ಗ್ಯಾರಂಟಿ ಸಾರ್" ಎಂಬುದನ್ನು ಈ ಭಾಗಾಕಾರದ ಮುಂದೆ ಇಟ್ಟು ನೋಡಿದರೆ ಸಾಕು.

ವೋಲ್ಟೇಜ್ ಮಾತ್ರ ಕಟ್ಟುನಿಟ್ಟಾಗಿ ಹೊಂದಬೇಕು. ಅಡಾಪ್ಟರಿನ ಮೇಲೆ 12 ವೋಲ್ಟ್ ಎಂದಿದೆಯೋ 9 ಎಂದಿದೆಯೋ ಓದಿಕೊಂಡೇ ಅಂಗಡಿಗೆ ಹೋಗಬೇಕು. 9 ವೋಲ್ಟಿನ ಡಬ್ಬಿಗೆ 12 ಕೊಟ್ಟರೆ ಅದು ಸುಟ್ಟುಹೋಗಬಹುದು. ಆಂಪಿಯರ್ ಹಾಗಲ್ಲ, ಯುಪಿಎಸ್ ಕೊಡಬಲ್ಲ ಆಂಪಿಯರ್ ಡಬ್ಬಿ ಕೇಳುವುದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ಡಬ್ಬಿ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕಡಿಮೆ ಇದ್ದರೆ ಕಷ್ಟ. ವೋಲ್ಟ್ ಒತ್ತಡ, ಆಂಪಿಯರ್ ಹರಿವು ಎಂದು ಹತ್ತನೇ ತರಗತಿಯಲ್ಲಿ ಉರುಹೊಡೆದದ್ದು ಇಲ್ಲಿ ಪ್ರಯೋಜನಕ್ಕೆ ಬರುತ್ತದೆ! ಪಿನ್ನಿನ ನಡುಭಾಗ ಧನವೋ ಋಣವೋ ಎಂಬ ಚಿತ್ರವನ್ನೂ ಅಡಾಪ್ಟರಿನ ಮೇಲೆ ಮುದ್ರಿಸಿರುತ್ತಾರೆ. ಎರಡೂ ಕಡೆ ಒಂದೇ ಆಗಿರಬೇಕು.

ಲಿಥಿಯಂ ಸೆಲ್‌ಗಳ ವಿಷಯದಲ್ಲಿ ಅಗ್ಗದ ಆಸೆ ಬೇಡ. ಬಿಐಎಸ್ ನೋಂದಣಿ ಗುರುತಿಲ್ಲದ ಮಾಲು ಎಷ್ಟೇ ಸೋವಿಯಾದರೂ ಕೊಳ್ಳಬಾರದು. ಅದನ್ನು ಪುಸ್ತಕದ ರಾಶಿಯ ನಡುವೆ, ಪರದೆ ಬಟ್ಟೆಯ ಹಿಂದೆ ತುರುಕಬಾರದು. ಗಾಳಿಯಾಡುವ ಕಡೆ ಇಡಬೇಕು. ಉಬ್ಬಿದರೆ, ಮುಟ್ಟಲಾಗದಷ್ಟು ಬಿಸಿಯಾದರೆ, ಇನ್ನೊಂದು ಮಳೆಗಾಲ ನೋಡೋಣ ಎನ್ನದೆ ತೆಗೆದುಬಿಡಬೇಕು. ಕಸದ ಬುಟ್ಟಿಗಲ್ಲ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ.

ಇನ್ವರ್ಟರ್ ಇದ್ದೂ ಇಲ್ಲದಂತೆ

"ನಮ್ಮ ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ, ಆದರೂ ವೈಫೈ ಹೋಗುತ್ತದೆ" ಎಂಬ ದೂರು ಬನಶಂಕರಿಯಿಂದ ಬಿ.ಟಿ.ಎಂ.ವರೆಗೆ ಎಲ್ಲ ಕಡೆಯೂ ಕೇಳಬಹುದು. ಕಾರಣ ಸರಳ. ಲೋಡ್‌ಶೆಡ್ಡಿಂಗ್ ದಿನಗಳಲ್ಲಿ ಹಾಕಿಸಿದ ಇನ್ವರ್ಟರಿನ ತಂತಿ ಹೋಗಿರುವುದು ದೀಪ ಮತ್ತು ಫ್ಯಾನುಗಳಿಗೆ. ಟೀವಿಯ ಪಕ್ಕದ ಪ್ಲಗ್ಗಿಗೆ ಆಗ ಅದರ ಅಗತ್ಯ ಯಾರಿಗೂ ಕಂಡಿರಲಿಲ್ಲ. ರೌಟರ್ ಬಂದು ಕುಳಿತದ್ದು ಮಾತ್ರ ಅಲ್ಲೇ. ಅನುಭವಿ ಎಲೆಕ್ಟ್ರಿಷಿಯನ್ ಒಬ್ಬರು ಬಂದರೆ ಆ ಒಂದು ಪ್ಲಗ್ಗಿಗೆ ಇನ್ವರ್ಟರಿನ ಲೈನು ಎಳೆಯುವುದು ಅರ್ಧ ದಿನದ ಕೆಲಸ. ಪಕ್ಕದ ಕೋಣೆಯಿಂದ ಎಕ್ಸ್‌ಟೆನ್ಷನ್ ತಂತಿ ಹಾಯಿಸಿ, ಅಜ್ಜಿ ಎಡವುವಂತೆ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಇನ್ನು ಕೆಲವರ ಮನೆಯಲ್ಲಿ ಲೈನು ಇರುತ್ತದೆ, ಆದರೂ ಕರೆಂಟು ಹೋದ ಕ್ಷಣ ರೌಟರ್ ಒಮ್ಮೆ ಸತ್ತು ಹುಟ್ಟುತ್ತದೆ. ಮತ್ತೆ ಪೂರ್ತಿ ಎಚ್ಚರಾಗಲು ಎರಡು ನಿಮಿಷ, ಕೆಲವಕ್ಕೆ ಐದು ನಿಮಿಷ. ಮಳೆಗಾಲದ ಸಂಜೆ ಕರೆಂಟು ಐದು ಸಲ ಕಣ್ಣು ಮಿಟುಕಿಸಿದರೆ ಆನ್‌ಲೈನ್ ಪರೀಕ್ಷೆ ಬರೆಯುತ್ತಿರುವ ಮಗುವಿಗೆ ಅರ್ಧ ಗಂಟೆ ಹೋದಂತೆಯೇ. ಒಂದೇ ಸಲ ಎರಡು ಗಂಟೆ ಹೋಗುವುದು ಇದಕ್ಕಿಂತ ವಾಸಿ. ಆಗ ಕನಿಷ್ಠ ಇನ್ನೊಂದು ದಾರಿ ಹುಡುಕುತ್ತಾರೆ. ಬಹಳಷ್ಟು ಇನ್ವರ್ಟರುಗಳ ಬೆನ್ನಿಗೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ. ಅದನ್ನು ಒತ್ತಿದರೆ ಬದಲಾವಣೆ ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ ಮುಗಿಯುತ್ತದೆ, ರೌಟರ್ ನಿದ್ದೆ ಹೋಗುವುದಿಲ್ಲ. ವರ್ಷಗಟ್ಟಲೆ ಇನ್ವರ್ಟರ್ ಇಟ್ಟುಕೊಂಡವರೂ ಆ ಸ್ವಿಚ್ಚನ್ನು ನೋಡಿರುವುದಿಲ್ಲ. ಅದು ಗೋಡೆಯ ಕಡೆ ಮುಖ ಮಾಡಿಕೊಂಡಿರುತ್ತದೆ.

ಎಷ್ಟು ಹೊತ್ತು ಬಂದೀತು? 150 ಆಂಪಿಯರ್-ಗಂಟೆಯ 12 ವೋಲ್ಟ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಗಂಟೆ ಇದೆ. ನಷ್ಟಗಳನ್ನು ಕಳೆದು, ಬ್ಯಾಟರಿಯನ್ನು ತಳದವರೆಗೆ ಹೀರದೆ ಬಳಸಿದರೆ ಸಾವಿರ ಎಂದು ಹಿಡಿಯುವುದು ಕ್ಷೇಮ. 75 ವ್ಯಾಟಿನ ಮೂರು ಹಳೆಯ ಫ್ಯಾನು, ನಾಲ್ಕು ದೀಪ, ರೌಟರ್ ಎಲ್ಲ ಸೇರಿ 275 ವ್ಯಾಟ್ ಎಳೆದರೆ ನಾಲ್ಕು ಗಂಟೆಗೂ ಸ್ವಲ್ಪ ಕಡಿಮೆ. ಫ್ಯಾನುಗಳನ್ನು ಆರಿಸಿ ಒಂದು ದೀಪ ಮತ್ತು ರೌಟರ್ ಮಾತ್ರ ಉಳಿಸಿಕೊಂಡರೆ ಇಪ್ಪತ್ತು ವ್ಯಾಟ್; ಇನ್ವರ್ಟರ್ ತನ್ನ ಹೊಟ್ಟೆಗೆಂದು ಹತ್ತಿಪ್ಪತ್ತು ವ್ಯಾಟ್ ತಿನ್ನುತ್ತದೆ. ಆಗಲೂ ಇಡೀ ಒಂದು ದಿನ ನಡೆಯುತ್ತದೆ. ಕೊನೆಯ ದಿನಾಂಕದ ರಾತ್ರಿ ಫ್ಯಾನು ಬೇಕೋ ಫಾರಂ ಬೇಕೋ ಎಂಬುದನ್ನು ಮನೆಯವರು ಒಟ್ಟಿಗೆ ಕುಳಿತು ತೀರ್ಮಾನಿಸಬೇಕು. ಸೊಳ್ಳೆಗಳ ಅಭಿಪ್ರಾಯ ಬೇರೆಯಿರಬಹುದು!

ನೀರಿರುವ ಕಡೆ ಬ್ಯಾಟರಿ ಬೇಡ

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬುವುದು, ಚಾರ್ಜ್ ಆಗುವಾಗ ಹೊರಡುವ ಹೈಡ್ರೋಜನ್ ಹೊರಹೋಗುವಂತೆ ಗಾಳಿಗೆ ಬಿಡುವುದು, ಇವೆಲ್ಲ ಹಳೆಯ ಪಾಠ. ಹೊಸದಾಗಿ ಕಲಿಯಬೇಕಾದದ್ದು ನೆಲಮಾಳಿಗೆಯ ಪಾಠ. 2025ರ ಮೇ ತಿಂಗಳ ಭಾರಿ ಮಳೆಯಲ್ಲಿ ಬಿ.ಟಿ.ಎಂ. ಲೇಔಟಿನ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಗೆ ನೀರು ನುಗ್ಗಿತು. ಅದನ್ನು ಪಂಪಿನಿಂದ ಹೊರಹಾಕುವ ಪ್ರಯತ್ನದಲ್ಲಿ ವಿದ್ಯುತ್ ತಗುಲಿ ಇಬ್ಬರು ಸತ್ತರು. ಒಬ್ಬರು ಹಿರಿಯರು, ಇನ್ನೊಬ್ಬ ಇನ್ನೂ ಹುಡುಗ.

ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ವಿದ್ಯುತ್ ಫಲಕ, ಜನರೇಟರಿನ ಬದಲಿ ಸ್ವಿಚ್ಚು, ಅಂತರ್ಜಾಲದ ಪೆಟ್ಟಿಗೆ ಎಲ್ಲವನ್ನೂ ನೆಲಮಾಳಿಗೆಗೇ ದೂಡುವ ರೂಢಿಯಿದೆ. ಕೆರೆಗಳನ್ನೂ ರಾಜಕಾಲುವೆಗಳನ್ನೂ ಒತ್ತಿಕೊಂಡು ಬೆಳೆದ ತಗ್ಗಿನ ಬಡಾವಣೆಗಳಲ್ಲಿ ಇದು ಅಪಾಯಕ್ಕೆ ಆಹ್ವಾನ. ನೀರು ನಿಂತ ನೆಲಮಾಳಿಗೆಗೆ ವೈಫೈ ಹೋಯಿತೆಂದು ಯಾರೂ ಇಳಿಯಕೂಡದು, ಮಕ್ಕಳನ್ನಂತೂ ಕಳಿಸಲೇಕೂಡದು. ಬೆಸ್ಕಾಂನ 1912ಕ್ಕೆ ಕರೆ ಮಾಡಿ ಕಟ್ಟಡದ ವಿದ್ಯುತ್ ಪೂರ್ತಿ ಕಡಿತವಾಗಿರುವುದು ಖಾತ್ರಿಯಾಗುವವರೆಗೆ ಕಾಯಲೇಬೇಕು. ಯಾವ ಫಾರಮ್ಮೂ ಇದಕ್ಕಿಂತ ದೊಡ್ಡದಲ್ಲ.

ಸಿಡಿಲಿನ ಮಾತೂ ಒಂದಿದೆ. ತಾಮ್ರದ ಕಾಲದಲ್ಲಿ ಮೊದಲ ಗುಡುಗಿಗೇ ಮೋಡೆಮ್ ಸುಟ್ಟುಹೋದ ಮನೆಗಳೆಷ್ಟೋ. ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ ಬರುವುದಿಲ್ಲ. ಫೈಬರಿನಿಂದಾದ ದೊಡ್ಡ ಉಪಕಾರವಿದು. ಆದರೆ ಮಹಡಿಯಿಂದ ಮಹಡಿಗೆ ಲ್ಯಾನ್ ಕೇಬಲ್ ಎಳೆದಿದ್ದರೆ, ಗೋಡೆಯ ಪ್ಲಗ್ ಹಾಕಿಯೇ ಇದ್ದರೆ ಆ ದಾರಿಯಿಂದ ಬರಬಹುದು. ತಲೆಯ ಮೇಲೇ ಗುಡುಗುತ್ತಿರುವಾಗ ಪ್ಲಗ್ ಕಿತ್ತು, ಪುಟ್ಟ ಬ್ಯಾಟರಿಯ ಮೇಲೇ ರೌಟರ್ ನಡೆಸುವುದು ಉತ್ತಮ. ಕೀಳುವುದು ಗುಡುಗು ದೂರವಿದ್ದಾಗಲೇ ಆಗಬೇಕು.

ಮೊಬೈಲ್ ಇದೆಯಲ್ಲ!

ಎಲ್ಲದಕ್ಕೂ ಮೊಬೈಲ್ ಇದೆಯಲ್ಲ, ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ಇದೆ, ನಿಜ. ಆದರೆ ಮೊಬೈಲ್ ಗೋಪುರಕ್ಕೂ ಕರೆಂಟು ಬೇಕು. ಮಹಡಿಗಳ ಮೇಲೆ ನಿಂತ ಗೋಪುರಗಳು ಬ್ಯಾಟರಿಯಲ್ಲಿ ಕೆಲವು ಗಂಟೆ ನಡೆಯುತ್ತವೆ. ಡೀಸೆಲ್ ಇರುವ ಕಡೆ ಇನ್ನಷ್ಟು. ಇಡೀ ಬಡಾವಣೆಯ ವೈಫೈ ಒಟ್ಟಿಗೆ ನಿಂತಾಗ ಎಲ್ಲರೂ ಒಂದೇ ಗೋಪುರಕ್ಕೆ ಜೋತುಬೀಳುತ್ತಾರೆ. ಗಣೇಶನ ಹಬ್ಬದ ಹಿಂದಿನ ದಿನದ ಗಾಂಧಿ ಬಜಾರಿನಂತಾಗುತ್ತದೆ ಅದರ ಸ್ಥಿತಿ. ಪರದೆಯ ಮೇಲೆ ಕಡ್ಡಿಗಳು ಪೂರ್ತಿ ಇದ್ದರೂ ಪುಟ ತೆರೆಯುವುದಿಲ್ಲ. ಮನೆಯ ಎಲ್ಲರ ಸಿಮ್ಮೂ ಒಂದೇ ಕಂಪನಿಯದಾಗಿದ್ದರೆ ಎಲ್ಲರದೂ ಒಟ್ಟಿಗೆ ಹೋಗುತ್ತದೆ. ಒಂದಾದರೂ ಬೇರೆ ಕಂಪನಿಯದಿರುವುದು, ಪರೀಕ್ಷೆ-ಪ್ರವೇಶದ ತಿಂಗಳುಗಳಲ್ಲಿ ಅದರಲ್ಲಿ ಡೇಟಾ ಇರುವುದು ಒಳ್ಳೆಯದು.

ಹಾಟ್‌ಸ್ಪಾಟ್ ಹಾಕುವ ಬದಲು ಮೊಬೈಲನ್ನು ಲ್ಯಾಪ್‌ಟಾಪಿಗೆ ತಂತಿಯಿಂದಲೇ ಜೋಡಿಸಬಹುದು; ಅಂತರ್ಜಾಲವೂ ಬರುತ್ತದೆ, ಲ್ಯಾಪ್‌ಟಾಪಿನ ಬ್ಯಾಟರಿಯಿಂದ ಮೊಬೈಲಿಗೆ ಒಂದಿಷ್ಟು ಚಾರ್ಜೂ ಆಗುತ್ತದೆ. ಮೇಜಿನ ಮೇಲಿನ ದೊಡ್ಡ ಕಂಪ್ಯೂಟರ್ ಇರುವ ಮನೆಗಳಲ್ಲಿ ಇದು ನಡೆಯದು. ಅದಕ್ಕೆ ಬೇರೆಯೇ ಯುಪಿಎಸ್ ಬೇಕು, ಅದು ಕೊಡುವ ಸಮಯವೂ ಕಡತ ಉಳಿಸಿ ಆರಿಸುವಷ್ಟು ಮಾತ್ರ. ಇನ್ನು ಸೀಟು ಹಂಚಿಕೆಯ ಕಾಲೇಜುಗಳ ಪಟ್ಟಿಯನ್ನು ಮೊದಲು ಹಾಳೆಯ ಮೇಲೆ ಕ್ರಮವಾಗಿ ಬರೆದಿಟ್ಟುಕೊಂಡವರು ಅಂತರ್ಜಾಲ ಹತ್ತೇ ನಿಮಿಷ ಸಿಕ್ಕರೂ ತುಂಬಿ ಮುಗಿಸುತ್ತಾರೆ. ಪರದೆಯ ಮುಂದೆ ಕುಳಿತು ಯೋಚಿಸುವವರಿಗೆ ಹತ್ತು ಗಂಟೆಯೂ ಸಾಲದು.

ಅಜ್ಜ-ಅಜ್ಜಿಯರ ಫೋನು

ವಿದೇಶದಲ್ಲೋ ವೈಟ್‌ಫೀಲ್ಡಿನಲ್ಲೋ ಇರುವ ಮಕ್ಕಳು, ಜಯನಗರದ ಹಳೆಯ ಮನೆಯಲ್ಲಿ ಹಿರಿಯರಿಬ್ಬರೇ. ಈ ದೃಶ್ಯ ದಕ್ಷಿಣ ಬೆಂಗಳೂರಿನಲ್ಲಿ ಅಪರೂಪವಲ್ಲ. ಅವರ ಕೈಗೆ ಒಗ್ಗಿರುವುದು ಹಜಾರದ ಫೋನೇ. ಅದೇ ನಂಬರು, ಅದೇ ಉಪಕರಣ. ಒಳಗೆ ಮಾತ್ರ ತಾಮ್ರ ಹೋಗಿ ಫೈಬರು ಬಂದಿದೆ, ಫೋನಿನ ತಂತಿ ಈಗ ಬಿಳಿ ಡಬ್ಬಿಯ ಬೆನ್ನಿಗೆ ಸೇರಿದೆ. ಕರೆಂಟು ಹೋದ ರಾತ್ರಿ ಎದೆನೋವು ಬಂದು ರಿಸೀವರ್ ಎತ್ತಿದರೆ, ನಲವತ್ತು ವರ್ಷ ತಪ್ಪದೆ ಕೇಳಿದ್ದ ಆ ಗುಂಯ್ ಸದ್ದು ಇಲ್ಲ! 112 ಆಗಲಿ 108 ಆಗಲಿ ಒತ್ತುವುದು ಎಲ್ಲಿಂದ? ರೌಟರಿನ ಪುಟ್ಟ ಬ್ಯಾಟರಿ ಮೊದಲು ಬರಬೇಕಾದದ್ದು ವಿದ್ಯಾರ್ಥಿಯ ಮೇಜಿಗಿಂತ ಇಂಥ ಮನೆಗಳಿಗೆ. ಅದರ ಜೊತೆಗೆ ಗುಂಡಿಗಳಿರುವ ಸಾದಾ ಮೊಬೈಲೊಂದನ್ನು ಚಾರ್ಜ್ ಮಾಡಿ ಮಂಚದ ಪಕ್ಕ ಇಡಬೇಕು. ಬಳಸದಿದ್ದರೆ ಅದರ ಬ್ಯಾಟರಿ ದಿನಗಟ್ಟಲೆ ಬರುತ್ತದೆ. ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಬೇಕು. ಮೊಬೈಲಿನೊಳಗೆ ಮಾತ್ರ ಇರುವ ನಂಬರು ಅವಸರದಲ್ಲಿ ಸಿಗುವುದಿಲ್ಲ.

ಇವೆಲ್ಲ ಸರಿಯಾಗಿದೆಯೇ ಎಂದು ತಿಳಿಯಲು ಮಳೆಗಾಗಿ ಕಾಯಬೇಕಿಲ್ಲ. ಮನೆಯ ಮಟ್ಟಿಗಾದರೆ ಒಂದು ಭಾನುವಾರ ಬೆಳಗ್ಗೆ ಮೈನ್ ಸ್ವಿಚ್ ಇಳಿಸಿದರೆ ಸಾಕು: ಇನ್ವರ್ಟರ್ ಎಷ್ಟು ಹೊತ್ತು ನಿಂತಿತು, ರೌಟರ್ ಮಿಟುಕಿತೋ ಇಲ್ಲವೋ, ಫೋನು ರಿಂಗಾಯಿತೋ ಎಂಬುದನ್ನು ಮಕ್ಕಳೇ ಗಡಿಯಾರ ಹಿಡಿದು ಬರೆದುಕೊಳ್ಳಲಿ. ಆದರೆ ಬೀದಿಯ ಆಚೆಗಿನ ಯಂತ್ರಗಳ ಗುಟ್ಟು ಇದರಿಂದ ತಿಳಿಯದು. ಅದಕ್ಕೆ ಇಡೀ ರಸ್ತೆಯ ಕರೆಂಟೇ ಹೋಗಬೇಕು. ಆ ಅವಕಾಶವನ್ನು ಬೆಸ್ಕಾಂ ಆಗಾಗ ಒದಗಿಸುತ್ತದೆ. ಬೆಳಗ್ಗೆ ಹತ್ತರಿಂದ ಸಂಜೆಯವರೆಗೆ ನಿರ್ವಹಣೆಗಾಗಿ ವಿದ್ಯುತ್ ನಿಲುಗಡೆ ಎಂಬ ಪ್ರಕಟಣೆಯಲ್ಲಿ ನಿಮ್ಮ ರಸ್ತೆಯ ಹೆಸರು ಬಂದ ದಿನ ಗೊಣಗುವ ಬದಲು ಗಂಟೆಗೊಮ್ಮೆ ಡಬ್ಬಿಯ ದೀಪ ನೋಡಿ. ಮಧ್ಯಾಹ್ನ ಹನ್ನೆರಡಕ್ಕೆ ಲಾಸ್ ದೀಪ ಕೆಂಪಾಯಿತೆಂದರೆ ಕಂಪನಿಯವರ ಬ್ಯಾಟರಿ ಎರಡೇ ಗಂಟೆಯದೆಂದು ಅರ್ಥ. ಸಂಪರ್ಕ ನವೀಕರಣದ ದಿನ ಮಾತನಾಡಲು ಆ ಒಂದು ಚೀಟಿ ಕೈಯಲ್ಲಿದ್ದರೆ ಸಾಕು.